ಅರ್ಥ ಹೇಳುವ ವಯಸ್ಸು

ಉದ್ಯೋಗದಿಂದ ನಿವೃತ್ತರಾಗುವ ದಿನ ಗಂಡಸರಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಯಲ್ಲೊಂದು ಹಣ್ಣಿನ ಬುಟ್ಟಿಯನ್ನಿಡುವ ಪದ್ಧತಿ ಎಲ್ಲ ಕಡೆಯೂ ಉಂಟು. ಕೆಲವು ಕಚೇರಿಗಳಲ್ಲಿ ಗೋಡೆ ಗಡಿಯಾರವನ್ನೂ ಕೊಡುತ್ತಾರೆ. ನಾಳೆಯಿಂದ ಯಾವ ಗಂಟೆಗೂ ಎಲ್ಲಿಯೂ ಹಾಜರಾಗಬೇಕಾಗಿಲ್ಲದ ಮನುಷ್ಯನಿಗೆ ಗಡಿಯಾರವನ್ನೇಕೆ ಕೊಡಬೇಕೆಂಬುದನ್ನು ಮಾತ್ರ ಯಾರೂ ವಿಚಾರಿಸಿದಂತಿಲ್ಲ.

ಮೊದಲ ತಿಂಗಳು ಹೇಗೋ ಕಳೆಯುತ್ತದೆ. ನೆಂಟರಿಷ್ಟರ ಮನೆ, ಬಾಕಿ ಉಳಿದ ಹರಕೆ, ಒಂದು ತಿರುಪತಿ ಯಾತ್ರೆ. ಎರಡನೆಯ ತಿಂಗಳಲ್ಲಿ ಸೋರುವ ನಲ್ಲಿ, ಸಡಿಲವಾದ ಚಿಲಕ, ಗೆದ್ದಲು ಹಿಡಿದ ಕಪಾಟು ಇವುಗಳ ದುರಸ್ತಿ ಮುಗಿಯುತ್ತದೆ. ಆರನೆಯ ತಿಂಗಳ ಹೊತ್ತಿಗೆ ದಿನಪತ್ರಿಕೆಯನ್ನು ಟೆಂಡರು ಪ್ರಕಟಣೆಗಳ ಸಮೇತ ಎರಡು ಸಲ ಓದಿದರೂ ಗಂಟೆ ಹತ್ತಾಗಿರುವುದಿಲ್ಲ. ಆಗ ಗೃಹಸ್ಥರ ದೃಷ್ಟಿ ಅಡಿಗೆಮನೆಯ ಕಡೆಗೆ ಹೊರಳುತ್ತದೆ. ತೆಂಗಿನಕಾಯಿ ಹೆಚ್ಚು ಖರ್ಚಾಗುತ್ತಿದೆಯೆಂದೂ, ಒಲೆಯ ಉರಿ ಅನಾವಶ್ಯಕವಾಗಿ ದೊಡ್ಡದಾಗಿದೆಯೆಂದೂ ಅವರಿಗೆ ತೋರತೊಡಗುತ್ತದೆ. ಮೂವತ್ತೈದು ವರ್ಷ ಆ ರಾಜ್ಯವನ್ನು ಯಾರ ಸಲಹೆಯೂ ಇಲ್ಲದೆ ಆಳಿದ ಗೃಹಿಣಿಗೆ ಇದು ಯಾವುದೋ ಇಲಾಖೆಯ ತನಿಖೆಯಂತೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಒಂದೆರಡು ಮಾತು ಬೆಳೆಯುತ್ತವೆ. ಗೃಹಸ್ಥರು ಜಗಲಿಗೆ ಹೋಗಿ ಕುಳಿತವರು ಅಲ್ಲಿಯೇ ಉಳಿದುಬಿಡುತ್ತಾರೆ.

ನಗುವಂಥ ಭಾಗ ಇಲ್ಲಿಗೆ ಮುಗಿಯಿತು. ಜಗಲಿಯ ಆ ಕುರ್ಚಿಯಲ್ಲಿ ಮಾತು ಕಡಿಮೆಯಾಗುತ್ತದೆ, ನಡಿಗೆ ಕಡಿಮೆಯಾಗುತ್ತದೆ, ಹಸಿವು ಕಡಿಮೆಯಾಗುತ್ತದೆ. ಮನೆಯವರು ಅದನ್ನು ವಯಸ್ಸು ಎಂದು ಕರೆಯುತ್ತಾರೆ. ವೈದ್ಯರು ರಕ್ತದೊತ್ತಡ ನೋಡಿ ಗುಳಿಗೆ ಬರೆದುಕೊಡುತ್ತಾರೆ. ಈ ಮನುಷ್ಯನೊಡನೆ ಒಂದು ವಾರದಿಂದ ಯಾರೂ ಹತ್ತು ನಿಮಿಷ ವಾದ ಮಾಡಿಲ್ಲವೆಂಬ ಸಂಗತಿ ಯಾವ ಚೀಟಿಯಲ್ಲಿಯೂ ದಾಖಲಾಗುವುದಿಲ್ಲ.

ಉಡುಪಿ ಪೇಟೆಯಿಂದ ಮಲ್ಪೆಯ ಕಡಲಿಗೆ ಹೋಗುವ ದಾರಿಯಲ್ಲಿರುವ ಆದಿ ಉಡುಪಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಕಡೆ ಕೃಷಿ ಮಾರುಕಟ್ಟೆಯ ಅಂಗಳ, ಇನ್ನೊಂದು ಕಡೆ ಮಂತ್ರಿಗಳು ಬಂದಿಳಿಯುವ ಹೆಲಿಪ್ಯಾಡು, ನಡುವೆ ಮೀನಿನ ಲಾರಿಗಳ ಓಡಾಟ. ಒಳದಾರಿಗಳಿಗೆ ತಿರುಗಿದರೆ ತೆಂಗಿನ ಮರಗಳ ನಡುವೆ ಮನೆಗಳೂ, ಈಚೆಗೆ ಎದ್ದ ವಸತಿ ಕಟ್ಟಡಗಳೂ ಸಿಗುತ್ತವೆ. ಈ ಸೀಮೆಯ ಮಧ್ಯಮವರ್ಗದ ಮನೆಗಳಲ್ಲಿ ಬ್ಯಾಂಕಿನವರು ಹೆಚ್ಚು. ಬ್ಯಾಂಕು ಉಡುಪಿಯ ಬೆಳೆಯೇ ಸರಿ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಸ್ಥಾಪಿಸಿದ ಸಂಸ್ಥೆ ಕಾರ್ಪೊರೇಶನ್ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಇಲ್ಲಿಯೇ ಹುಟ್ಟಿದ ಇನ್ನೊಂದು ಸಂಸ್ಥೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಯಿತು. ದಿನದ ಚಿಲ್ಲರೆ ಕಾಸನ್ನು ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು 1928ರಲ್ಲಿ ತಂದದ್ದು ಆ ಬ್ಯಾಂಕೇ. 2020ರ ಏಪ್ರಿಲ್ 1ರಂದು ಮೊದಲನೆಯದು ಯೂನಿಯನ್ ಬ್ಯಾಂಕಿನಲ್ಲಿಯೂ ಎರಡನೆಯದು ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ಅಲ್ಲಿ ಮ್ಯಾನೇಜರಾಗಿದ್ದವರಿಗೆ ಅದು ಎರಡನೆಯ ನಿವೃತ್ತಿ. ಮೊದಲು ಕುರ್ಚಿ ಹೋಗಿತ್ತು. ಈಗ ಹೊರಗಿನ ಹಲಗೆಯ ಮೇಲಿದ್ದ ಹೆಸರೂ ಹೋಯಿತು. ಮಕ್ಕಳು ಬೆಂಗಳೂರಿನಲ್ಲಿ, ದುಬಾಯಿಯಲ್ಲಿ, ಅಮೆರಿಕದಲ್ಲಿ.

ಹೆಂಗಸರಿಗೆ ಮುಪ್ಪಿಲ್ಲವೆಂದಲ್ಲ. ಆದರೆ ಅವರಿಗೆ ನಿವೃತ್ತಿಯಿಲ್ಲ. ಇದು ಅನ್ಯಾಯವೂ ಹೌದು, ಒಂದು ಬಗೆಯ ರಕ್ಷಣೆಯೂ ಹೌದು. ಅಡಿಗೆ, ಹಬ್ಬ, ಬಾಣಂತನ, ನೆರೆಮನೆಯ ಮದುವೆ, ಭಜನಾ ಮಂಡಳಿ ಎಲ್ಲದರಲ್ಲಿಯೂ ಅವರ ಕೈ ಬೇಕಾಗುತ್ತದೆ. ಕೈ ಬೇಕಾದಲ್ಲಿ ಬಾಯಿಗೂ ಕೆಲಸವುಂಟು. ಗಂಡಸಿನ ಗೆಳೆತನಗಳೆಲ್ಲ ಕಚೇರಿಯ ಮೇಜಿಗೆ ಅಂಟಿಕೊಂಡಿರುತ್ತವೆ. ಮೇಜು ಬಿಟ್ಟುಕೊಟ್ಟ ದಿನ ಅವೂ ಅಲ್ಲಿಯೇ ಉಳಿದುಹೋಗುತ್ತವೆ.

ಇಂಥವರಿಗಾಗಿ ಯೋಗ ತರಗತಿ, ಆರೋಗ್ಯ ಉಪನ್ಯಾಸ, ಹಿರಿಯರ ದಿನಾಚರಣೆ ಮುಂತಾದವನ್ನು ಸದುದ್ದೇಶದಿಂದಲೇ ಏರ್ಪಡಿಸುತ್ತಾರೆ. ಹಿರಿಯ ಗಂಡಸರು ಬರುವುದಿಲ್ಲ. ಬಂದರೂ ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಆದೊಡನೆ ಎದ್ದು ಹೋಗುತ್ತಾರೆ. ಅವರದು ಮೊಂಡುತನವೆಂದು ಬೈಯುವುದು ಸುಲಭ. ಆದರೆ ಕರೆದ ರೀತಿಯನ್ನೂ ನೋಡಬೇಕು. ‘ನಿಮ್ಮ ಆರೋಗ್ಯಕ್ಕೆ ಒಳ್ಳೆಯದು, ಮನಸ್ಸಿಗೆ ಉಲ್ಲಾಸವಾಗುತ್ತದೆ, ಬನ್ನಿ’ ಎಂದರೆ, ‘ನೀವು ಕೆಟ್ಟಿದ್ದೀರಿ, ರಿಪೇರಿಗೆ ಬನ್ನಿ’ ಎಂದು ಕೇಳಿಸುತ್ತದೆ. ನೂರು ಜನರ ಸಾಲದ ಅರ್ಜಿಗೆ ಸಹಿ ಹಾಕಿದ ಕೈ ಅಂಥ ಆಮಂತ್ರಣವನ್ನು ಮಡಚಿ ಪುಸ್ತಕದೊಳಗಿಡುತ್ತದೆ. ‘ನಿಮ್ಮಿಂದ ಒಂದು ಕೆಲಸ ಆಗಬೇಕಿತ್ತಲ್ಲ’ ಎಂದರೆ ಅದೇ ಮನುಷ್ಯ ಅಂಗಿ ಹಾಕಿಕೊಂಡು ಹೊರಡುತ್ತಾನೆ.

ಆಸ್ಟ್ರೇಲಿಯಾದವರು ಈ ಮರ್ಮವನ್ನು ತಮ್ಮ ರೀತಿಯಲ್ಲಿ ಕಂಡುಕೊಂಡರು. 1990ರ ದಶಕದಲ್ಲಿ ಅಲ್ಲಿ ‘ಗಂಡಸರ ಕೊಟ್ಟಿಗೆ’ ಎನ್ನಬಹುದಾದ ಸಂಘಗಳು ಆರಂಭವಾದವು. ನಿವೃತ್ತರು ಒಂದು ಕಾರ್ಯಾಗಾರದಲ್ಲಿ ಸೇರಿ ಮರದ ಕೆಲಸ, ಯಂತ್ರಗಳ ರಿಪೇರಿ ಮಾಡುತ್ತಾರೆ. ಆರೋಗ್ಯದ ಮಾತನ್ನು ಯಾರೂ ಮೊದಲಿಗೆ ತೆಗೆಯುವುದಿಲ್ಲ. ಕುರ್ಚಿಯ ಕಾಲಿಗೆ ಉಜ್ಜುಕಾಗದ ತಿಕ್ಕುತ್ತಿರುವಾಗ ತಾನಾಗಿ ಬರುತ್ತದೆ. 2007ರಲ್ಲಿ ಈ ಸಂಘಗಳಿಗೊಂದು ರಾಷ್ಟ್ರೀಯ ಒಕ್ಕೂಟವಾಯಿತು. ಈಗ ಆ ದೇಶದಲ್ಲಿ ಇಂಥವು ಸಾವಿರಕ್ಕೂ ಹೆಚ್ಚಿವೆ. ಐರ್ಲೆಂಡು, ಇಂಗ್ಲೆಂಡುಗಳಿಗೂ ಹಬ್ಬಿವೆ.

ಕರಾವಳಿಯವರು ಕೊಟ್ಟಿಗೆ ಕಟ್ಟಬೇಕಾಗಿಲ್ಲ. ಅವರ ಕೈಯಲ್ಲಿ ತಾಳಮದ್ದಳೆಯಿದೆ.

ಘಟ್ಟದ ಮೇಲಿನ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಯಕ್ಷಗಾನವೆಂದರೆ ಕಿರೀಟ, ಗೆಜ್ಜೆ, ಬಣ್ಣ, ಕುಣಿತ ಎಂದು ಎಲ್ಲರಿಗೂ ಗೊತ್ತು. ಅವೆಲ್ಲವನ್ನೂ ತೆಗೆದುಹಾಕಿದರೆ ಉಳಿಯುವುದು ತಾಳಮದ್ದಳೆ. ಭಾಗವತರು ಪ್ರಸಂಗದ ಪದ್ಯವನ್ನು ಹಾಡುತ್ತಾರೆ. ಜೊತೆಗೆ ಮದ್ದಳೆ, ಚೆಂಡೆ, ಚಕ್ರತಾಳ. ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಪಂಚೆ, ಅಂಗಿ, ಹೆಗಲಿಗೊಂದು ಶಾಲಿನಲ್ಲಿಯೇ ಕೃಷ್ಣನಾಗಿ, ಕೌರವನಾಗಿ ಮಾತನಾಡುತ್ತಾರೆ. ಬರೆದಿಟ್ಟದ್ದು ಪದ್ಯ ಮಾತ್ರ. ಮಾತು ಅಲ್ಲಿಯೇ ಹುಟ್ಟಬೇಕು, ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೊಳೆಯಬೇಕು. ಇದು ನಿನ್ನೆ ಮೊನ್ನೆಯ ವಿನೋದವಲ್ಲ; ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯವರಿಗೆ ಬಿಟ್ಟ ದತ್ತಿಯ ಪ್ರಸ್ತಾಪವಿದೆ. ಮೇಳಗಳು ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ಉದ್ದಕ್ಕೂ ತಾಳಮದ್ದಳೆಯದೇ ಕಾಲ. ಹೊರಗೆ ಹೆಜ್ಜೆಯಿಡಲಾಗದ ಮಳೆ, ಒಳಗೆ ಚಾವಡಿಯಲ್ಲಿ ಕರ್ಣನ ಮಾತು.

ಹಿರಿಯರ ದೃಷ್ಟಿಯಿಂದ ನೋಡಿದರೆ ಇದರ ಏರ್ಪಾಡು ಬಹಳ ಜಾಣತನದ್ದು. ಮಂಡಿನೋವಿನವನಿಗೆ ಕುಣಿಯುವ ಕಷ್ಟವಿಲ್ಲ. ಬೋಳುತಲೆ ಅಭಿಮನ್ಯುವಿನ ಪಾತ್ರಕ್ಕೆ ಅಡ್ಡಿಯಲ್ಲ. ಭೀಷ್ಮ, ವಿದುರ, ದಶರಥ, ಜಾಂಬವಂತ ಮೊದಲಾದ ವೃದ್ಧರೇ ಇಲ್ಲಿ ಘನವಾದ ಪಾತ್ರಗಳು. ಐವತ್ತು ವರ್ಷ ಓದಿದ್ದು, ಕೇಳಿದ್ದು, ಅನುಭವಿಸಿದ್ದು ಮಾತಿಗೆ ಒದಗುತ್ತದೆ. ವಕೀಲರಾಗಿದ್ದವರ ಕೃಷ್ಣ ಸಂಧಾನಕ್ಕೆ ಹೊರಟರೆ ಪಾಟೀಸವಾಲಿನ ವಾಸನೆ ಬಡಿಯುತ್ತದೆ. ಮೇಷ್ಟರಾಗಿದ್ದವರ ವಿದುರ ಬೆತ್ತ ಮಾತ್ರ ಹಿಡಿದಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಗಲಿಯಲ್ಲಿ ಕಳೆದುಹೋಗಿದ್ದ ವಸ್ತು ಇಲ್ಲಿ ಮರಳಿ ಸಿಗುತ್ತದೆ. ಅದು ಎದುರಾಳಿ. ತನ್ನ ಮಾತನ್ನು ಕೊನೆಯವರೆಗೆ ಕೇಳಿ, ಅದರಲ್ಲಿ ತಪ್ಪು ಹುಡುಕಿ, ಗೌರವದಿಂದಲೇ ಖಂಡಿಸುವ ಮನುಷ್ಯ.

ಇದಕ್ಕಿಂತ ಒಳಗಿನ ಸಂಗತಿಯೊಂದುಂಟು. ಈ ನಾಡಿನ ಗಂಡಸು ತನ್ನ ದುಃಖವನ್ನು ತನ್ನ ಹೆಸರಿನಲ್ಲಿ ಹೇಳಿಕೊಳ್ಳಲಾರ. ಮಗ ವಿಮಾನ ಹತ್ತಿದ ರಾತ್ರಿ ಅವನು ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಮಲಗುತ್ತಾನೆ, ಅಷ್ಟೆ. ಆದರೆ ‘ಪಟ್ಟಾಭಿಷೇಕ’ದ ಪ್ರಸಂಗದಲ್ಲಿ ಅವನನ್ನು ದಶರಥನನ್ನಾಗಿ ಕೂರಿಸಿ ನೋಡಬೇಕು. ಕೈಕೇಯಿಯ ವರ ಹೊರಬಿದ್ದಿದೆ, ರಾಮ ಹೊರಟು ನಿಂತಿದ್ದಾನೆ, ಭಾಗವತರು ಪದ್ಯ ಮುಗಿಸಿ ತಾಳ ನಿಲ್ಲಿಸಿದ್ದಾರೆ. ಆಗ ಬರುವ ಮಾತು ಪುರಾಣದ್ದೋ ಮನೆಯದೋ ಎಂದು ಯಾರೂ ಕೇಳುವುದಿಲ್ಲ. ಕೇಳುವವರು ತಲೆದೂಗುತ್ತಾರೆ, ಆಡಿದವನು ಶಾಲಿನ ಅಂಚಿನಿಂದ ಮುಖ ಒರಸಿಕೊಂಡರೆ ಅದು ಪಾತ್ರಕ್ಕೇ ಸಲ್ಲುತ್ತದೆ. ಮುಖಕ್ಕೆ ಬಣ್ಣವಿಲ್ಲದ ಈ ಕಲೆಯಲ್ಲಿ ಬಣ್ಣದ ಕೆಲಸವನ್ನು ಪಾತ್ರದ ಹೆಸರೇ ಮಾಡುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡವರ ಹೆಸರನ್ನು ತೆಗೆಯುವುದು ವಾಡಿಕೆ. ತೆಗೆಯಲು ಹೆಸರುಗಳಿಗೇನೂ ಕೊರತೆಯಿಲ್ಲ. ಹಿರಿಯಡಕ ಗೋಪಾಲ ರಾಯರು 1919ರಲ್ಲಿ ಹುಟ್ಟಿ, ನೂರು ತುಂಬಿಸಿ, 2020ರಲ್ಲಿ ತೀರಿಕೊಂಡರು; ಏರುಮದ್ದಳೆಯೆಂದರೆ ಅವರ ಹೆಸರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ, 2017ರಲ್ಲಿ ಕಣ್ಮುಚ್ಚಿದರು. ಕೋಟದ ಶಿವರಾಮ ಕಾರಂತರು (1902–1997) ಎಪ್ಪತ್ತು ದಾಟಿದ ಮೇಲೆ ಯಕ್ಷರಂಗ ತಂಡವನ್ನು ಕಡಲಾಚೆಗೂ ಕರೆದೊಯ್ದರು. ಅರ್ಥಗಾರಿಕೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006), ಆದಿ ಉಡುಪಿಯ ಮಗ್ಗುಲಲ್ಲಿಯೇ ಮಲ್ಪೆಯ ಸಾಮಗ ಸಹೋದರರಾದ ಶಂಕರನಾರಾಯಣ ಸಾಮಗರು ಮತ್ತು ರಾಮದಾಸ ಸಾಮಗರು. ಆದರೆ ಮನೆಯ ಅಜ್ಜನಿಗೆ ಈ ಹೆಸರುಗಳನ್ನು ಹೇಳಿ ಹುರಿದುಂಬಿಸುವುದು ಅಷ್ಟು ಬುದ್ಧಿವಂತಿಕೆಯ ಕೆಲಸವಲ್ಲ. ‘ಕಾರಂತರನ್ನು ನೋಡಿ’ ಎಂದರೆ ಕುರ್ಚಿಯಿಂದ ಏಳಲಿದ್ದವರೂ ಕುಳಿತುಬಿಡುತ್ತಾರೆ. ಕಾರಂತರಾಗುವುದು ಯಾರಿಂದ ಸಾಧ್ಯ? ಅವರಿಗೆ ಬೇಕಾದದ್ದು ಮುಂದಿನ ಶನಿವಾರ ಸಂಜೆ ಐದು ಗಂಟೆಗೆ ಹತ್ತು ನಿಮಿಷದ ವಿದುರನ ಪಾತ್ರ.

ಆ ಹತ್ತು ನಿಮಿಷವೇ ಈಗ ದುರ್ಲಭವಾಗುತ್ತಿದೆಯೆಂಬುದು ಚಿಂತೆಯ ವಿಷಯ. ಊರೂರಿನ ಯಕ್ಷಗಾನ ಸಂಘಗಳ ಹಳೆಯ ಪದ್ಧತಿ ವಾರದ ಕೂಟ. ಸದಸ್ಯರೇ ಅರ್ಥಧಾರಿಗಳು, ಸದಸ್ಯರೇ ಶ್ರೋತೃಗಳು. ಅಂಗಡಿಯವನೂ ಮೇಷ್ಟರೂ ಕೃಷಿಕನೂ ತಮ್ಮ ತಮ್ಮ ಶಕ್ತಿಗೆ ತಕ್ಕಷ್ಟು ಹೇಳಿ ಅವಲಕ್ಕಿ ತಿಂದು ಮನೆಗೆ ಹೋಗುತ್ತಿದ್ದರು. ಈಗ ಪ್ರಸಿದ್ಧ ಕಲಾವಿದರನ್ನು ಕರೆಸಿ ದೊಡ್ಡ ಸಭಾಂಗಣದಲ್ಲಿ ನಡೆಸುವ ಕೂಟಗಳಿಗೆ ಮರ್ಯಾದೆ ಹೆಚ್ಚು. ಅವು ಬೇಡವೆಂದಲ್ಲ. 1975ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕಲಾರಂಗದಂಥ ಸಂಸ್ಥೆಗಳು ಈ ಕಲೆಗೆ ಮಾಡಿದ ಸೇವೆ ಸಣ್ಣದಲ್ಲ. ಒಳ್ಳೆಯ ಅರ್ಥವನ್ನು ಕೇಳದೆ ಯಾರಿಗೂ ಹೇಳಲು ಬರುವುದಿಲ್ಲ. ಆದರೆ ದೊಡ್ಡ ಕೂಟದಲ್ಲಿ ಊರಿನ ನಿವೃತ್ತರಿಗೆ ಸಿಗುವುದು ಪ್ಲಾಸ್ಟಿಕ್ ಕುರ್ಚಿ. ಜಗಲಿಯ ಕುರ್ಚಿಯಿಂದ ಅಲ್ಲಿಗೆ ಹೋಗಿ ಕುಳಿತರೆ ಮನಸ್ಸಿಗೆ ಹಿತ, ನಿಜ. ಅವರ ಮಾತು ಯಾರಿಗಾದರೂ ಬೇಕಾಯಿತೆಂಬ ಸಮಾಧಾನ ಮಾತ್ರ ಅಲ್ಲಿ ದೊರೆಯುವುದಿಲ್ಲ.

ಕೇಳುವುದಕ್ಕೂ ಬೆಲೆಯಿಲ್ಲದೆ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಕಲೆಗೂ ಆರೋಗ್ಯಕ್ಕೂ ಸಂಬಂಧವಿದೆಯೆಂದು ವರದಿ ಹೊರಡಿಸಿತು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಪ್ರಕಟವಾದ ಲೇಖನವೊಂದು ಇಂಗ್ಲೆಂಡಿನ ಐವತ್ತು ದಾಟಿದ 6,710 ಜನರನ್ನು ಸುಮಾರು 14 ವರ್ಷ ಗಮನಿಸಿದ ಫಲ. ನಾಟಕ, ಸಂಗೀತ, ಚಿತ್ರಪ್ರದರ್ಶನಗಳಿಗೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ, ಆ ಅವಧಿಯಲ್ಲಿ ಸಾವಿನ ಸಂಭವ ನೂರಕ್ಕೆ 31ರಷ್ಟು ಕಡಿಮೆಯಾಗಿತ್ತು. ಗಟ್ಟಿಮುಟ್ಟಾದವರೂ ಹಣವಂತರೂ ಹೆಚ್ಚಾಗಿ ನಾಟಕಕ್ಕೆ ಹೋಗುತ್ತಾರಲ್ಲವೇ ಎಂದು ಕೇಳಬಹುದು. ಸಂಶೋಧಕರು ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅಂತರ ಕುಗ್ಗಿದ ಮೇಲೆ ಉಳಿದ ಅಂಕಿಯೇ ಇದು. ಆದರೂ ನಾಟಕವೇ ಆಯುಷ್ಯವನ್ನು ಬೆಳೆಸಿತೆಂದು ಇಂಥ ಅಧ್ಯಯನದಿಂದ ಸಿದ್ಧವಾಗುವುದಿಲ್ಲ. ಆಯುಷ್ಯದ ಆಸೆಗೆಂದು ಯಾವ ಅಜ್ಜನೂ ಕೂಟಕ್ಕೆ ಬರಲಾರ. ಬರುವುದು ವಾಲಿಯ ಪ್ರಶ್ನೆಗೆ ರಾಮನ ಉತ್ತರ ಸಾಲದೆಂಬ ಸಿಟ್ಟಿನಿಂದ.

ಹಾಗಾದರೆ ಕೂಟವನ್ನು ಹೇಗೆ ಏರ್ಪಡಿಸಬೇಕು? ಮೊದಲನೆಯದಾಗಿ, ಸೂಚನಾ ಫಲಕದಲ್ಲಿ ‘ಎಲ್ಲರಿಗೂ ಸ್ವಾಗತ’ ಎಂದು ಬರೆದು ಕಾಯಬಾರದು. ‘ಎಲ್ಲರಿಗೂ’ ಎಂದರೆ ತನಗಲ್ಲವೆಂಬುದು ನಿವೃತ್ತರ ವ್ಯಾಕರಣ. ಮನೆಗೇ ಹೋಗಿ ಜಗಲಿಯಲ್ಲಿ ಕುಳಿತು, ‘ಮಾರಾಯ್ರೆ, ಶನಿವಾರ ಕರ್ಣಪರ್ವ ಉಂಟು, ಶಲ್ಯನಿಗೆ ಜನ ಇಲ್ಲ. ನೀವು ಇಲ್ಲ ಅನ್ನಬಾರದು’ ಎಂದು ಕೇಳಬೇಕು. ‘ನನಗೆಂಥದ್ದು ಬರ್ತದೆ ಮಾರಾಯ್ರೆ, ಎಲ್ಲ ಮರೆತುಹೋಗಿದೆ’ ಎಂಬ ಉತ್ತರ ಬರುತ್ತದೆ. ಅದು ನಿರಾಕರಣೆಯಲ್ಲ, ಇನ್ನೊಮ್ಮೆ ಕೇಳಿ ಎಂಬ ಸೂಚನೆ. ಮೂರನೆಯ ಸಲಕ್ಕೆ ಅವರು ಪ್ರಸಂಗದ ಪುಸ್ತಕವನ್ನು ಕೇಳಿ ಪಡೆಯುತ್ತಾರೆ. ಆ ಪುಸ್ತಕದ ಅಕ್ಷರ ಇರುವೆಯಷ್ಟಿದ್ದರೆ ನಾಲ್ಕು ಪದ್ಯಗಳನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಡುವುದು ಒಳ್ಳೆಯದು.

ಕೂಟ ರಾತ್ರಿಯಿಡೀ ಬೇಡ. ನಾಲ್ಕಕ್ಕೆ ಹಿಡಿದು ಆರೂವರೆಗೆ ಮಂಗಳ ಹಾಡಿದರೆ ಸಾಕು. ಮಳೆಗಾಲದ ಕತ್ತಲೆಯಲ್ಲಿ ಮಲ್ಪೆ ರಸ್ತೆಯನ್ನು ದಾಟುವುದು ಸಮುದ್ರಲಂಘನಕ್ಕೆ ಕಡಿಮೆಯದೇನಲ್ಲ. ಚಾಪೆಯ ಮೇಲೆಯೇ ಕೂರಬೇಕೆಂಬ ಶಾಸ್ತ್ರವನ್ನು ಸಡಿಲಿಸಿ ಕುರ್ಚಿಯಿಡಬೇಕು. ಸಕ್ಕರೆ ಹಾಕದ ಚಹಾ ಒಂದು ಪಾತ್ರೆ ಬೇರೆ ಇರಬೇಕು. ಕಿವಿ ಮಂದವಾದವರನ್ನು ಚೆಂಡೆಯ ಮಗ್ಗುಲಿಗೆ ಕೂರಿಸದೆ ಎದುರಾಳಿಯ ಮುಖ ಕಾಣುವಂತೆ ಕೂರಿಸಬೇಕು; ಎದುರಿನವನ ಮಾತು ಕೇಳದೆ ಅರ್ಥ ಹೇಳುವವರ ಅವಸ್ಥೆ ಬಹಳ ಕರುಣಾಜನಕ.

ಇನ್ನು ಮೈಕಿನ ಮುಂದೆ ಕುಳಿತರೆ ಏಳದವರು ಕೆಲವರುಂಟು. ವಿದುರನಿಗೆ ಹತ್ತು ನಿಮಿಷವೆಂದರೆ ನಲವತ್ತು ನಿಮಿಷ ಹೇಳಿ, ನಡುವೆ ತಮ್ಮ ಶಿವಮೊಗ್ಗದ ವರ್ಗಾವಣೆಯ ಕಥೆಯನ್ನೂ ಸೇರಿಸುತ್ತಾರೆ. ಇವರಿಗೆ ಹೆದರಿ ಕೂಟವನ್ನೇ ಬಿಡಬೇಕಾಗಿಲ್ಲ. ಕಲೆಯಲ್ಲಿಯೇ ಮದ್ದಿದೆ: ಭಾಗವತರು ಮುಂದಿನ ಪದ್ಯವನ್ನು ಎತ್ತಿಕೊಂಡರೆ ಎಂಥ ಅರ್ಥಧಾರಿಯಾದರೂ ಬಾಯಿ ಮುಚ್ಚಲೇಬೇಕು. ಕಚೇರಿಯ ಸಭೆಗಳಲ್ಲಿ ಇಂಥ ಸೌಕರ್ಯವಿರಲಿಲ್ಲ.

ಮಾತು ಬರದವರೂ ಇದ್ದಾರೆ. ಪುರಾಣ ಬೇಡವೆನ್ನುವವರೂ, ಬೇರೆ ಧರ್ಮದವರೂ ಇದ್ದಾರೆ. ಅವರನ್ನು ಅರ್ಥಕ್ಕೆ ಬಲವಂತಪಡಿಸುವುದು ತರವಲ್ಲ. ಕೂಟದ ಲೆಕ್ಕ ಬರೆಯುವುದಕ್ಕೆ ನಿವೃತ್ತ ಬ್ಯಾಂಕಿನವರಿಗಿಂತ ಯೋಗ್ಯರು ಯಾರು? ಮಲ್ಪೆ, ಕಿದಿಯೂರು ಕಡೆಯ ಮೊಗವೀರರ ಭಜನಾ ಮಂದಿರಗಳಲ್ಲಿ ದೋಣಿ ಬಿಟ್ಟ ಹಿರಿಯರು ತಾಳ ಹಿಡಿದು ಕುಳಿತುಕೊಳ್ಳುವುದುಂಟು. ಬಲೆಯ ಹಗ್ಗ ಎಳೆದ ಕೈಗೆ ಲಯವೇನೂ ಹೊಸತಲ್ಲ. ಇಗರ್ಜಿಯ ಗಾಯಕರ ಗುಂಪು, ಬಿಡಿಸಿದ ಚಿತ್ರ, ಹೆಣೆದ ಬುಟ್ಟಿ ಯಾವುದಾದರೂ ಆದೀತು. ನೋಡಬೇಕಾದದ್ದು ಒಂದೇ: ಅವರು ಬಾರದೆ ಹೋದ ವಾರ ಆ ಕೆಲಸ ನಿಲ್ಲುತ್ತದೆಯೇ?

ಮಹಿಳೆಯರ ತಾಳಮದ್ದಳೆ ತಂಡಗಳೂ ಈಗ ಕರಾವಳಿಯಲ್ಲಿವೆ. ಕೈಕೇಯಿಯ ಪಕ್ಷವನ್ನು ಅವರ ಬಾಯಲ್ಲಿ ಕೇಳಿದವರು ದಶರಥನ ಬಗ್ಗೆ ಮೊದಲಿನಷ್ಟು ಮರುಗುವುದಿಲ್ಲವೆಂದು ಹೇಳುತ್ತಾರೆ. ಅದು ಬೇರೆಯೇ ಒಂದು ವಾರಕ್ಕೆ ಸಾಲುವ ವಿಷಯ.

ಮನೆಯವರಿಗೆ ಒಂದು ಸೂಚನೆ ಮಾತ್ರ ಉಳಿಯಿತು. ಪಾತ್ರ ಒಪ್ಪಿಕೊಂಡ ವಾರ ಗೃಹಸ್ಥರ ನಡವಳಿಕೆಯಲ್ಲಿ ವ್ಯತ್ಯಾಸ ತೋರಬಹುದು. ಕಪಾಟಿನ ಮೇಲಿಂದ ಹಳೆಯ ಗದುಗಿನ ಭಾರತ ಕೆಳಗಿಳಿಯುತ್ತದೆ. ಒಲೆಯ ಉರಿ ಎಷ್ಟೇ ದೊಡ್ಡದಾಗಿದ್ದರೂ ಅವರ ಗಮನಕ್ಕೆ ಬರುವುದಿಲ್ಲ. ಮಧ್ಯಾಹ್ನದ ನಿದ್ರೆಯ ಹೊತ್ತಿನಲ್ಲಿ ಕೋಣೆಯೊಳಗಿನಿಂದ, ಐದು ಗ್ರಾಮವಿರಲಿ ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡುವುದಿಲ್ಲವೆಂದು ಯಾರನ್ನೋ ಗದರಿಸುವ ಧ್ವನಿ ಕೇಳಿಸಿದರೆ ಸೊಸೆ ಗಾಬರಿಯಾಗಿ ಬೆಂಗಳೂರಿಗೆ ಫೋನ್ ಮಾಡಬೇಕಾಗಿಲ್ಲ. ಬರುವ ಶನಿವಾರ ಮಾವನವರಿಗೆ ಕೌರವನ ಪಾತ್ರ.